ದುಃಖದಲ್ಲಿರುವವರು ತಮ್ಮದೇ ಮೊರೆಯ ಕೀರ್ತನೆ ಬರೆಯುವ ಕೂಟ: ನಡೆಸುವುದು ಹೇಗೆ?

ಬೆಳಗಿನ ದೀಪ

ಎಲ್ಲರಿಗೂ ವಂದನೆಗಳು. ಬರುವ ಲೆಂಟ್ ಕಾಲಕ್ಕೆ (ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ) ಸಭೆಯಲ್ಲಿ ಒಂದು ಸಣ್ಣ ಕೂಟ ನಡೆಸಬೇಕೆಂದಿದ್ದೇವೆ. ಮನೆಯಲ್ಲಿ ಸಾವು ಕಂಡವರು, ಹಾಸಿಗೆ ಹಿಡಿದವರನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವವರು, ಇದ್ದಕ್ಕಿದ್ದಂತೆ ಕೆಲಸ ಹೋದವರು ಬರುತ್ತಾರೆ. ಅವರಿಗೆ ಇನ್ನೊಂದು ಪ್ರಸಂಗ ಬೇಡ. ಬೈಬಲಿನ 13ನೇ ಕೀರ್ತನೆಯ ಹಾಗೆ ಅವರೇ ತಮ್ಮ ಮೊರೆಯನ್ನು ಕನ್ನಡದಲ್ಲಿ ಬರೆಯಬೇಕು ಅನ್ನುವುದು ಆಸೆ. ಎಷ್ಟು ಜನ, ಎಷ್ಟು ವಾರ ಇಟ್ಟುಕೊಳ್ಳಬೇಕು? ಛಂದಸ್ಸು ಬೇಕೇ, ಗದ್ಯವಾದರೂ ಸಾಕೇ? ಬರೆದದ್ದನ್ನು ಹಾಡಬಹುದೇ? ಮಧ್ಯದಲ್ಲಿ ಯಾರಾದರೂ ಕುಸಿದರೆ ಏನು ಮಾಡುವುದು? ಕೊನೆಗೆ ಆ ಹಾಳೆಗಳನ್ನು ಏನು ಮಾಡುವುದು? ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ಪ್ರಲಾಪ ಮೂರು

ಮೊದಲು ಮಾದರಿಯನ್ನು ಗಟ್ಟಿ ಮಾಡಿಕೊಳ್ಳಿ. ಎಣಿಸುವ ಕ್ರಮ ಒಬ್ಬ ಪಂಡಿತರಿಂದ ಇನ್ನೊಬ್ಬರಿಗೆ ಬೇರೆಯಾಗುತ್ತದೆ, ಆದರೂ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಾದರೂ ಮೊರೆಯ ಕೀರ್ತನೆಗಳೇ. ಭಾನುವಾರ ನಾವು ಹಾಡುವ ಸಂಗೀತಗಳಲ್ಲಿ ಆ ಪಾಲು ಎಲ್ಲೂ ಕಾಣುವುದಿಲ್ಲ. ಹಾಗಾಗಿ ಬಂದವರಿಗೆ ದೇವರ ಮುಂದೆ ದೂರು ಹೇಳುವ ಭಾಷೆಯೇ ಅಭ್ಯಾಸವಿರುವುದಿಲ್ಲ. ಅವರಿಗೆ ಭಕ್ತಿ ಕಡಿಮೆ ಎಂದು ತಿಳಿಯಬೇಡಿ.

13ನೇ ಕೀರ್ತನೆ ಇರುವುದೇ ಆರು ವಚನ. 1–2ರಲ್ಲಿ ದೂರು, ಅದರಲ್ಲಿ ‘ಎಷ್ಟರ ತನಕ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 3–4ರಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. 5–6ರಲ್ಲಿ ಭರವಸೆ, ಜೊತೆಗೆ ಹಾಡುತ್ತೇನೆಂಬ ಹರಕೆ. ಇದನ್ನೇ ಐದು ಮೆಟ್ಟಿಲು ಮಾಡಿಕೊಳ್ಳಿ: ಕರೆ, ದೂರು, ಬೇಡಿಕೆ, ಭರವಸೆ, ಹರಕೆ.

ತಪ್ಪುವುದು ಸಾಮಾನ್ಯವಾಗಿ ಎರಡನೇ ಮೆಟ್ಟಿಲಲ್ಲೇ. ಒಂದೇ ಸಾಲು ದೂರು ಬರೆದು, ಮುಂದಿನ ಸಾಲಿಗೇ ‘ಆದರೂ ದೇವರು ಒಳ್ಳೆಯವನು’ ಎಂದು ಮುಗಿಸಿಬಿಡುತ್ತಾರೆ. ಸಾಕ್ಷಿ ಹೇಳಿ ಹೇಳಿ ಬಂದ ರೂಢಿ ಅದು: ಕಷ್ಟ ಅರ್ಧ ನಿಮಿಷ, ಜಯ ಐದು ನಿಮಿಷ. ಅದಕ್ಕೇ ದೂರಿನ ವಾರದಲ್ಲಿ ಒಂದು ಕಟ್ಟುಪಾಡು ಇಡಿ. ‘ಆದರೂ’, ‘ಆದರೆ’, ‘ಹೇಗಿದ್ದರೂ’ ಈ ಮೂರು ಪದ ಬಳಸುವಂತಿಲ್ಲ, ಎಂಟು ಸಾಲಿಗೆ ಕಡಿಮೆ ಇರುವಂತಿಲ್ಲ. ನಾಲ್ಕನೇ ಸಾಲಿಗೆ ರೂಢಿಯ ಮಾತುಗಳೆಲ್ಲ ತೀರಿಹೋಗುತ್ತವೆ. ನಿಜವಾದದ್ದು ಬರುವುದು ಐದು, ಆರನೇ ಸಾಲಿನಿಂದ.

ಇನ್ನೊಂದು ತಪ್ಪು ಹೊರಗಿನಿಂದ ಸಣ್ಣದಾಗಿ ಕಾಣುತ್ತದೆ. ‘ದೇವರು ನನ್ನನ್ನು ಮರೆತಿದ್ದಾರೆ’ ಎಂದು ಬರೆದರೆ ಅದು ದೇವರ ಬಗ್ಗೆ ಮಾತು. ‘ನೀನು ನನ್ನನ್ನು ಮರೆತೆಯಾ?’ ಎಂದರೆ ದೇವರ ಸಂಗಡ ಮಾತು. ಕೀರ್ತನೆಗಾರರು ಸಿಟ್ಟಿನಲ್ಲೂ ಬೆನ್ನು ತಿರುಗಿಸುವುದಿಲ್ಲ, ಎದುರಿಗೇ ನಿಂತು ಕೇಳುತ್ತಾರೆ. ಬರೆದು ಮುಗಿದ ಮೇಲೆ ‘ದೇವರು’ ಇದ್ದ ಕಡೆಯೆಲ್ಲ ‘ನೀನು’ ಹಾಕಿ ಇನ್ನೊಮ್ಮೆ ಓದಿಸಿ. ಈ ಒಂದು ಬದಲಾವಣೆಯಿಂದಲೇ ಬರವಣಿಗೆ ಪ್ರಾರ್ಥನೆಯಾಗುತ್ತದೆ. ‘ತಾವು’ ಬೇಡ. ಮನೆಯಲ್ಲಿ ಅಪ್ಪನಿಗೆ ಏನೆಂದು ಕರೆದರೂ ಪ್ರಾರ್ಥನೆಯಲ್ಲಿ ನಮ್ಮ ಬಾಯಿಗೆ ಬರುವುದು ‘ನೀನು’ ಎಂದೇ.

ತುಂಗಾತೀರ

ಎಲ್ಲರೂ ಭರವಸೆಯಲ್ಲೇ ಮುಗಿಸಬೇಕೇ? ಆರು ತಿಂಗಳ ಹಿಂದೆ ಮಗುವನ್ನು ಕಳೆದುಕೊಂಡ ತಾಯಿಗೆ ‘ಈಗ ಹರಕೆಯ ಸಾಲು ಬರೀರಿ’ ಎಂದು ಹೇಳುವುದು ಹೇಗೆ?

ಪ್ರಲಾಪ ಮೂರು

ಮುಗಿಸಲೇಬೇಕೆಂದಿಲ್ಲ. 88ನೇ ಕೀರ್ತನೆ ಇರುವುದೇ ಇಂಥವರಿಗಾಗಿ. ಇಬ್ರಿಯದಲ್ಲಿ (ಹೀಬ್ರೂ ಮೂಲದಲ್ಲಿ) ಅದರ ಕಟ್ಟಕಡೆಯ ಪದವೇ ‘ಕತ್ತಲೆ’. ಭರವಸೆಯ ಸಾಲೇ ಇಲ್ಲದ ಆ ಕೀರ್ತನೆಯನ್ನು ಯಾರೂ ಪುಸ್ತಕದಿಂದ ತೆಗೆದುಹಾಕಲಿಲ್ಲ. ಅದರಲ್ಲಿರುವ ಒಂದೇ ಬೆಳಕು ಮೊದಲ ವಚನದ ಕರೆ: ನನ್ನನ್ನು ರಕ್ಷಿಸುವ ದೇವರೇ ಎಂಬ ಸಂಬೋಧನೆ. ಆ ಕರೆ ಇದ್ದರೆ ಕೀರ್ತನೆ ಪೂರ್ತಿಯಾಯಿತು. ನಾಲ್ಕು, ಐದನೇ ಮೆಟ್ಟಿಲು ಯಾರಿಗೂ ಕಡ್ಡಾಯವಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಖಾಲಿ ಬಿಡುವವರು ಹಾಳೆಯಲ್ಲಿ ಆ ಜಾಗವನ್ನು ಖಾಲಿಯಾಗಿಯೇ ಉಳಿಸಲಿ, ಮಡಚಿ ಮುಚ್ಚುವುದು ಬೇಡ.

ಕೇಳುವ ಕಿವಿ

ಕೂಟದ ಅಳತೆ, ಹೊತ್ತು, ಎಚ್ಚರಿಕೆ ಇವುಗಳ ಬಗ್ಗೆ ನಾನು ಹೇಳುತ್ತೇನೆ.

ಆರರಿಂದ ಎಂಟು ಜನ ಸಾಕು. ಹತ್ತು ದಾಟಿದರೆ ಎಲ್ಲರೂ ಓದುವುದರೊಳಗೆ ಹೊತ್ತು ಮೀರುತ್ತದೆ. ಕೊನೆಯಲ್ಲಿ ಓದುವವರು ತಮ್ಮದನ್ನು ಅವಸರವಾಗಿ ಮುಗಿಸುತ್ತಾರೆ, ಹಾಗೆ ಅವಸರ ಮಾಡುವವರು ಹೆಚ್ಚಾಗಿ ಎಲ್ಲರಿಗಿಂತ ಭಾರ ಹೊತ್ತವರೇ. ವಾರಕ್ಕೆ ಒಂದು ದಿನ, ಒಂದೂವರೆ ಗಂಟೆ, ಐದು ವಾರ. ನಡೆಸುವವರು ಇಬ್ಬರಿರಬೇಕು, ಇದರಲ್ಲಿ ರಾಜಿ ಬೇಡ. ಒಬ್ಬರು ಎದ್ದು ಹೊರಗೆ ಹೋದರೆ ಜೊತೆಗೆ ಹೋಗಲು ಒಬ್ಬರು, ಉಳಿದವರ ಸಂಗಡ ಕೂರಲು ಒಬ್ಬರು ಬೇಕಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿ, ಬಾಗಿಲ ಹಾದಿಗೆ ಯಾರೂ ಅಡ್ಡ ಕೂರದಂತೆ ನೋಡಿಕೊಳ್ಳಿ. ಫೋನುಗಳು ಒಂದು ಬುಟ್ಟಿಯಲ್ಲಿ. ವಾಟ್ಸಾಪ್ ಗುಂಪು, ಫೋಟೋ ಎರಡೂ ಬೇಡ.

ತೀರಾ ಹೊಸ ಸಾವಿನ ಮನೆಯವರನ್ನು ಮೊದಲ ವಾರಗಳಲ್ಲೇ ಬರೆಯಲು ಕೂರಿಸಬೇಡಿ. ಅವರಿಗೆ ಆಗ ಬೇಕಾದದ್ದು ಊಟ, ನಿದ್ದೆ, ಬ್ಯಾಂಕು ಕಚೇರಿಗಳ ಓಡಾಟಕ್ಕೆ ಒಂದು ಜೊತೆ. ಬರೆಯಲು ಬರಲೇಬೇಕೆಂದರೆ ಬರಲಿ, ಕೇಳುತ್ತ ಕೂತರೆ ಸಾಕು.

ಬರೆಯುವ ಹೊತ್ತು 12ರಿಂದ 15 ನಿಮಿಷ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ನೋವಿನ ಬಗ್ಗೆ ಬರೆದಿದ್ದರು. ಅಲ್ಲಿಂದ ಈಚೆಗೆ ಈ ದಿಕ್ಕಿನಲ್ಲಿ ಬಹಳ ಕೆಲಸ ಆಗಿದೆ. ಲಾಭ ಇದೆ, ಆದರೆ ಸಣ್ಣದು. ಬರೆದ ತಕ್ಷಣ ಮನಸ್ಸು ಹಗುರಾಗುವುದಿಲ್ಲ, ಬದಲಿಗೆ ಸ್ವಲ್ಪ ಹೊತ್ತು ಭಾರವೇ ಆಗುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ಎರಡನೇ ವಾರ ಅರ್ಧ ಜನ ಬರುವುದಿಲ್ಲ, ‘ಅಲ್ಲಿಗೆ ಹೋದ ಮೇಲೆ ಇನ್ನೂ ಹೆಚ್ಚಾಯಿತು’ ಎನ್ನುತ್ತಾರೆ. ಆದ್ದರಿಂದ ಬರೆದ ಕೂಡಲೇ ಮನೆಗೆ ಕಳಿಸಬೇಡಿ. ಓದು, ಹತ್ತು ನಿಮಿಷ ಮೌನ, ಆಮೇಲೆ ಚಹಾ, ಬಿಸ್ಕೆಟ್, ಮಾಮೂಲಿ ಮಾತು. ಆ ಕೊನೆಯ 20 ನಿಮಿಷ ಕೂಟದ ಭಾಗವೇ, ಅದನ್ನು ಕತ್ತರಿಸಬೇಡಿ.

ಕೇಳುವವರಿಗೂ ಕಟ್ಟುಪಾಡು ಬೇಕು. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಬಾಯಿ ಬಿಡದೆ ಕೂತಿದ್ದರು (ಯೋಬ 2:13). ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು, ಕೊನೆಗೆ ದೇವರಿಂದಲೇ ಬೈಸಿಕೊಂಡರು (42:7). ಹಾಗಾಗಿ ಒಬ್ಬರು ಓದಿದ ಮೇಲೆ ಉಳಿದವರು ಹೇಳಬಹುದಾದ್ದು ಒಂದೇ ಮಾತು: ‘ಕೇಳಿಸಿಕೊಂಡೆವು.’ ‘ದೇವರ ಚಿತ್ತ’, ‘ಅವರು ಒಳ್ಳೆಯ ಜಾಗದಲ್ಲಿದ್ದಾರೆ’, ‘ನಮ್ಮ ಮನೆಯಲ್ಲೂ ಹೀಗೇ ಆಗಿತ್ತು’ ಈ ಮೂರನ್ನು ಹೆಸರು ಹಿಡಿದೇ ನಿಷೇಧಿಸಿ. ಮೂರನೆಯದು ಅನುಕಂಪದ ಮಾತಿನಂತೆಯೇ ಕೇಳಿಸುತ್ತದೆ, ಆದರೆ ಓದಿದವರ ಕೈಯಿಂದ ಅವರ ಹೊತ್ತನ್ನು ಕಸಿದುಕೊಳ್ಳುತ್ತದೆ. ಸತ್ತ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಮರಿಯಳ ಮುಂದೆ ಕಣ್ಣೀರಿಟ್ಟನು (ಯೋಹಾನ 11:35). ಪರಿಹಾರ ಕೈಯಲ್ಲಿದ್ದವನೇ ಮೊದಲು ಅತ್ತ ಮೇಲೆ, ಪರಿಹಾರ ಕೈಯಲ್ಲಿಲ್ಲದ ನಮಗೆ ಅವಸರ ಏಕೆ?

ಕುಸಿದರೆ ಏನು ಎಂದು ಕೇಳಿದ್ದೀರಿ. ಅಳುವುದನ್ನು ಕುಸಿತ ಎನ್ನಬೇಡಿ, ಅಳಲಿ. ‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’, ‘ಅವರ ಹತ್ತಿರ ಹೋಗಿಬಿಡಬೇಕು’ ಎಂಬ ಅರ್ಥದ ಸಾಲು ಬಂದರೆ ಮಾತ್ರ ಅದನ್ನು ಕವಿತೆ ಎಂದು ಬಿಡಬೇಡಿ. ಕೂಟ ಮುಗಿದ ಮೇಲೆ ಒಬ್ಬರೇ ಇದ್ದಾಗ ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯೇ?’ ಹೀಗೆ ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಆ ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯಲ್ಲಿ ಹೊಡೆತ ಬಡಿತದ ಸಂಗತಿ ಬರೆದ ಹೆಣ್ಣುಮಗಳಿಗೆ ‘ಪ್ರಾರ್ಥನೆ ಮಾಡಮ್ಮ’ ಎಂದಷ್ಟೇ ಹೇಳಿ ಕಳಿಸಬೇಡಿ, ಮಹಿಳಾ ಸಹಾಯವಾಣಿ 181 ಇದೆ. ಈ ಎರಡು ಸಂಖ್ಯೆಗಳನ್ನು ಪ್ರತಿಯೊಬ್ಬರ ಹಾಳೆಯ ಹಿಂಬದಿಯಲ್ಲೂ ಬರೆದಿಡಿ, ಆಗ ಇದು ಯಾರಿಗಾಗಿ ಎಂಬ ಪ್ರಶ್ನೆ ಏಳುವುದಿಲ್ಲ.

ಮಾತ್ರೆಗಣ

ಛಂದಸ್ಸು ಬೇಕೇ ಎಂದು ಕೇಳಿದ್ದೀರಿ. ಮೊದಲ ಎರಡು ವಾರ ಬೇಡವೇ ಬೇಡ. ಇಬ್ರಿಯ ಕೀರ್ತನೆಗಳೇ ಪ್ರಾಸದ ಮೇಲೆ ನಿಂತಿಲ್ಲ. ಅವುಗಳ ಬೆನ್ನೆಲುಬು ಸಾಲುಜೋಡಿ. ಮೊದಲ ಸಾಲು ಒಂದು ಮಾತು ಹೇಳುತ್ತದೆ, ಎರಡನೆಯದು ಅದನ್ನೇ ಇನ್ನೊಂದು ಮಗ್ಗುಲಿಂದ ಹೇಳುತ್ತದೆ ಅಥವಾ ಒಂದು ಹೆಜ್ಜೆ ಮುಂದೊಯ್ಯುತ್ತದೆ. ಇದು ಗದ್ಯದಲ್ಲೂ ಬರುತ್ತದೆ, ಎಲ್ಲ ಭಾಷೆಗೂ ಒಗ್ಗುತ್ತದೆ.

ಬೈಬಲಿನ ಪ್ರಲಾಪಗಳ ಪುಸ್ತಕದಲ್ಲಿ ಇನ್ನೊಂದು ಲಯ ಇದೆ. ಮೂರು ಪೆಟ್ಟು, ಆಮೇಲೆ ಎರಡೇ ಪೆಟ್ಟು. ಎರಡನೇ ಅರ್ಧ ಗಿಡ್ಡ, ನಡೆಯುವಾಗ ಒಂದು ಕಾಲು ಕುಸಿದಂತೆ. ಕನ್ನಡದಲ್ಲಿ ಇದನ್ನು ಮೂರು ಪದ, ಎರಡು ಪದ ಎಂದು ಇಟ್ಟುಕೊಂಡರೆ ಯಾರು ಬೇಕಾದರೂ ಬರೆಯಬಹುದು:

ಒಲೆಯ ಮುಂದೆ ಕೂತಿದ್ದೇನೆ / ಬೆಂಕಿ ಹಚ್ಚಿಲ್ಲ
ಅವನ ಚಪ್ಪಲಿ ಬಾಗಿಲಲ್ಲಿದೆ / ಹೆಜ್ಜೆಯ ಸದ್ದಿಲ್ಲ

ಇಲ್ಲಿ ದುಃಖ, ನೋವು, ಸಂಕಟ ಎಂಬ ಪದಗಳೇ ಇಲ್ಲ ಎನ್ನುವುದನ್ನು ಗಮನಿಸಿ. ಭಾವದ ಹೆಸರು ಬೇಡ, ವಸ್ತುವಿನ ಹೆಸರು ಬರೆಯಲಿ. ಮೊದಲ ವಾರದ ಅಭ್ಯಾಸಕ್ಕೆ ಮನೆಯಲ್ಲಿ ಈಗ ಬಳಕೆಯಾಗದೆ ಉಳಿದ ಐದು ವಸ್ತುಗಳ ಪಟ್ಟಿ ಕೇಳಿ, ಒಂದೊಂದಕ್ಕೂ ಹೀಗೆ ಒಂದು ಸಾಲು.

ಮೂರನೇ ವಾರಕ್ಕೆ ಅಕ್ಷರಮಾಲೆ ಕೊಡಿ. ಪ್ರಲಾಪಗಳ 1, 2, 4ನೇ ಅಧ್ಯಾಯಗಳಲ್ಲಿ 22 ವಚನಗಳು, ಇಬ್ರಿಯದ 22 ಅಕ್ಷರಗಳಿಗೆ ಒಂದೊಂದು. ಮೂರನೇ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66. ಐದನೆಯದರಲ್ಲೂ ವಚನ 22 ಇವೆ, ಆದರೆ ಅಕ್ಷರಕ್ರಮ ಕಳಚಿಬಿದ್ದಿದೆ. ದುಃಖಕ್ಕೆ ಅಂಚು ಇರುವುದಿಲ್ಲ. ವರ್ಣಮಾಲೆಗೆ ಇದೆ: ಮೊದಲಕ್ಷರ ಇದೆ, ಕೊನೆಯಕ್ಷರ ಇದೆ. ಮುಂದಿನ ಸಾಲು ಯಾವ ಅಕ್ಷರದಿಂದ ಎಂಬ ಸಣ್ಣ ಪ್ರಶ್ನೆಯನ್ನು ಕೈ ಹಿಡಿದಿರುತ್ತದೆ, ಅಷ್ಟರಲ್ಲಿ ದೊಡ್ಡ ಮಾತು ತಾನಾಗಿ ಹೊರಬರುತ್ತದೆ.

ಕನ್ನಡದಲ್ಲಿ ವರ್ಗೀಯ ವ್ಯಂಜನ 25. ಪದದ ಮೊದಲಿಗೆ ಬಾರದ ಙ, ಞ, ಣ ಬಿಟ್ಟರೆ ಉಳಿಯುವುದು ಸರಿಯಾಗಿ 22! ಆದರೆ ಝ, ಠ, ಢ, ಥ ಬಂದ ಕಡೆ ಜನ ನಿಘಂಟು ಹುಡುಕಲು ಹೋಗಿ ಮನಸ್ಸಿನ ಎಳೆ ಕಳೆದುಕೊಳ್ಳುತ್ತಾರೆ. ಸ್ವರಗಳಿಂದ ಶುರು ಮಾಡಿಸಿ: ಅ, ಆ, ಇ, ಈ, ಉ, ಊ, ಎ, ಏ, ಐ, ಒ, ಓ, ಔ, ಹನ್ನೆರಡು ಸಾಲು. ಋ ಬಿಟ್ಟುಬಿಡಿ. ಕಾಯಿಲೆಯ ಮನೆಯವರಿಗೆ ಔ ಬಂದಾಗ ‘ಔಷಧ’ ಕಾದೇ ಕೂತಿರುತ್ತದೆ.

ಹಾಡಲು ಗೇಯವಾಗಿ ಬೇಕು ಎನ್ನುವವರು ಇದ್ದರೆ ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯ. ಇದು ಕ್ರೈಸ್ತರಿಗೆ ಹೊರಗಿನದಲ್ಲ. ಬಾಸೆಲ್ ಮಿಶನ್ನಿನ ಕಿಟೆಲ್ 1862ರಲ್ಲೇ ಯೇಸುವಿನ ಜೀವನವನ್ನು ‘ಕಥಾಮಾಲೆ’ಯಲ್ಲಿ ಕನ್ನಡದ ಪದ್ಯವಾಗಿ ತಂದರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಅಳತೆ ಇಷ್ಟೇ: 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ ಅದರ ಒಂದೂವರೆ ಪಟ್ಟು, ಮೇಲೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಪದ್ಯಕ್ಕೆ 102. ಎಲ್ಲ ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮಾದರಿಗೆ ಒಂದು:

ದೂರ ನಿಂತಿಹೆಯೇಕೆ ದೇವನೆ
ಭಾರವಾಗಿದೆ ರಾತ್ರಿ ಎದೆಯಲಿ
ಆರ ಬಳಿಯಲಿ ಹೇಳಲೆನ್ನಯ ಮನೆಯ ಮೌನವನು
ತೋರು ಮುಖವನು ತಡವ ಮಾಡದೆ
ಜಾರುತಿರುವೀ ಕೈಯ ಹಿಡಿಯೈ
ಬೇರೆ ಯಾರನು ಕೂಗಲೆಲ್ಲಿಗೆ ಹೋಗಲೀ ಹೊತ್ತು

ಎಣಿಸುವಾಗ ಎಲ್ಲರೂ ಎಡವುವ ಜಾಗ ಒತ್ತಕ್ಷರ. ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾದರೂ ಗುರುವಾಗುತ್ತದೆ. ‘ಎಲ್ಲಿಗೆ’ 4 ಮಾತ್ರೆ, 3 ಅಲ್ಲ. ಸೊನ್ನೆ ಇದ್ದ ಅಕ್ಷರವೂ ಗುರು, ‘ನಿಂತಿಹೆ’ 4. ಸಾಲಿನ ಕೊನೆಯ ಒಂಟಿ ಲಘುವನ್ನು ಗುರು ಎಂದು ಹಿಡಿಯುವುದು ರೂಢಿ. ಮೂರನೇ ಸಾಲಿನ ಕೊನೆಯ ‘ನು’ ಹಾಗೆ ನಿಂತಿದೆ.

ತುಂಗಾತೀರ

ಪದ್ಯ ಮನಸ್ಸಿಗೆ ಹತ್ತಿತು. ಆದರೆ ‘ಎನ್ನಯ’ ಯಾರ ಮನೆಯ ಮಾತು? ಪ್ರಾರ್ಥನೆ ಹಳಗನ್ನಡದಲ್ಲೇ ಇರಬೇಕೆಂದು ಜನ ತಿಳಿದುಬಿಡುತ್ತಾರೆ. ‘ಯಾರ ಬಳಿಯಲಿ ಹೇಳಿಕೊಳ್ಳಲಿ ಮನೆಯ ಮೌನವನು’ ಎಂದರೆ ಅಳತೆ ಕೆಡುತ್ತದೆಯೇ?

ಮಾತ್ರೆಗಣ

ಕೆಡುವುದಿಲ್ಲ. ಯಾರ 3, ಬಳಿಯಲಿ 4, ಹೇಳಿ 3, ಕೊಳ್ಳಲಿ 4. ಪ್ರಾಸದ ‘ರ’ ಕೂಡ ಉಳಿಯಿತು. ನಿಮ್ಮದೇ ಸರಿ, ನನ್ನ ಸಾಲನ್ನು ಹಾಗೇ ತಿದ್ದಿಕೊಳ್ಳಿ. ಕೂಟದಲ್ಲೂ ಇದನ್ನೇ ನಿಯಮ ಮಾಡಿ: ಅಳತೆಗಾಗಿ ಬಾಯಲ್ಲಿಲ್ಲದ ಪದ ಬರುತ್ತಿದ್ದರೆ ಅಳತೆಯನ್ನು ಬಿಡಿ, ಪದವನ್ನು ಉಳಿಸಿಕೊಳ್ಳಿ.

ಕೇಳುವ ಕಿವಿ

ಇದಕ್ಕೇ ಸೇರಿದ ಒಂದು ಮಾತು. ಬರೆಯಲು ಬಾರದವರು ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹಾಗೆ ಬರೆದುಕೊಳ್ಳುವವರು ಒಂದಕ್ಷರವನ್ನೂ ತಿದ್ದಬಾರದು. ‘ಹೋಗ್ಬಿಟ್ಟ’ ಎಂದದ್ದು ‘ತೀರಿಕೊಂಡನು’ ಆದರೆ ಅದು ಅವರ ಕೀರ್ತನೆಯಲ್ಲ. ತುಳು, ಕೊಂಕಣಿ, ತಮಿಳು ಮನೆಮಾತಿನವರು ಅದರಲ್ಲೇ ಹೇಳಲಿ, ಕನ್ನಡ ಲಿಪಿಯಲ್ಲಿ ಬರೆದುಕೊಂಡರಾಯಿತು. ಜನ ಅಳುವುದು ಮನೆಮಾತಿನಲ್ಲಿ.

ಹಳೇ ಹಾರ್ಮೋನಿಯಂ

ಹಾಡುವ ವಿಷಯ. ಭಾಮಿನಿ 3+4 ಆದ್ದರಿಂದ ಏಳು ಮಾತ್ರೆಯ ಮಿಶ್ರಛಾಪು ತಾಳದಲ್ಲಿ ಸಹಜವಾಗಿ ಕೂರುತ್ತದೆ. ಚಿಕ್ಕ ಸಾಲಿಗೆ ಎರಡು ಆವರ್ತನ (ತಾಳದ ಸುತ್ತು). ಉದ್ದ ಸಾಲಿಗೆ ಮೂರು ಆವರ್ತನ ಮುಗಿದು ಎರಡು ಮಾತ್ರೆಯ ಗುರು ಉಳಿಯುತ್ತದೆ. ಅದನ್ನು ಐದು ಮಾತ್ರೆ ಎಳೆದು ನಾಲ್ಕನೇ ಆವರ್ತನ ತುಂಬಿಸಿ. ಆ ಐದು ಮಾತ್ರೆ ಬಹಳ ಮುಖ್ಯ, ಗಂಟಲು ಕಟ್ಟಿದವರು ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಅಲ್ಲಿ ತಬಲಾದ ಮುಕ್ತಾಯ, ಕೀಬೋರ್ಡಿನ ಅಲಂಕಾರ ಏನನ್ನೂ ತುರುಕಬೇಡಿ. ನಿಮಿಷಕ್ಕೆ 80 ಮಾತ್ರೆಯ ನಡೆಯಲ್ಲಿ ಒಂದು ಪದ್ಯ ಹೆಚ್ಚುಕಡಿಮೆ ಒಂದೂವರೆ ನಿಮಿಷ. ಇದಕ್ಕಿಂತ ನಿಧಾನ ಮಾಡಿದರೆ ಸಭೆ ಜಗ್ಗುತ್ತದೆ, ಶ್ರುತಿ ಇಳಿಯುತ್ತದೆ.

ರಾಗಕ್ಕೆ ಒಂದು ಸುಲಭ ದಾರಿ ಇದೆ. ದೂರು ಮತ್ತು ಬೇಡಿಕೆಗೆ ಶಿವರಂಜನಿ, ಭರವಸೆಗೆ ಮೋಹನ (ಉತ್ತರದ ಕಡೆಯವರಿಗೆ ಭೂಪ್). ಎರಡಕ್ಕೂ ಇರುವ ಅಂತರ ಒಂದೇ ಸ್ವರ, ಗಾಂಧಾರ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಸ, ರಿ, ಪ, ಧ ಎಲ್ಲ ಬಿಳಿ ಮನೆಗಳೇ. ಶಿವರಂಜನಿಯ ಗ ಕಪ್ಪು ಎರಡು, ಮೋಹನದ ಗ ಬಿಳಿ ಮೂರು. ಬೆರಳು ಒಂದೇ ಮನೆ ಸರಿಯುತ್ತದೆ, ಉಳಿದದ್ದೆಲ್ಲ ಇದ್ದಲ್ಲೇ ಇರುತ್ತದೆ. ದುಃಖ ಎಲ್ಲಿಗೂ ಹೋಗಿರುವುದಿಲ್ಲ, ಅದೇ ಮನೆಯಲ್ಲಿ ಒಂದು ಕಿಟಕಿ ತೆರೆದಂತಾಗುತ್ತದೆ. ಇದಕ್ಕಿಂತ ಚೆನ್ನಾಗಿ ಭರವಸೆಯನ್ನು ವಿವರಿಸಲು ನನಗೆ ಮಾತು ಬಾರದು. ಭರವಸೆಯ ಸಾಲಿಲ್ಲದ ಕೀರ್ತನೆಯಾದರೆ ಕಪ್ಪು ಎರಡರಲ್ಲೇ ಉಳಿಯಿರಿ, ಕೊನೆಯ ಸಾಲಿಗೆ ಸಿಹಿ ಬೆರೆಸಲು ಹೋಗಬೇಡಿ.

ಶ್ರುತಿ ಬಿಳಿ ಒಂದರಿಂದ ಬಿಳಿ ಎರಡರೊಳಗೆ, ಮೇಲಿನ ಷಡ್ಜ ದಾಟದಂತೆ. ಅಳು ಬಂದ ಗಂಟಲಿಗೆ ಎತ್ತರದ ಸ್ವರ ಹತ್ತುವುದಿಲ್ಲ.

ಗದ್ಯದ ಸಾಲುಗಳಿಗೆ ತಾಳ ಹುಡುಕಬೇಡಿ. ಮೊದಲರ್ಧವನ್ನು ಪಂಚಮದ ಮೇಲೆ ಮಾತಿನಂತೆ ಹೇಳಿ, ಕೊನೆಯ ಪದದಲ್ಲಿ ಗಾಂಧಾರಕ್ಕೆ ಇಳಿಯಿರಿ. ಒಂದು ಉಸಿರಿನಷ್ಟು ನಿಲ್ಲಿ. ಎರಡನೇ ಅರ್ಧ ಗಾಂಧಾರದ ಮೇಲೆ, ಕೊನೆಯ ಪದ ಷಡ್ಜಕ್ಕೆ. ಸಾಲು ಉದ್ದವಿರಲಿ, ಗಿಡ್ಡವಿರಲಿ, ಹತ್ತು ನಿಮಿಷದಲ್ಲಿ ಯಾರಿಗಾದರೂ ಕಲಿಸಬಹುದು.

ಹೊನ್ನೆಮರ

ಕಥೋಲಿಕರಲ್ಲಿ ಇದನ್ನು ನಡೆಸುವವರಿಗೆ ಒಂದು ಸೂಚನೆ. ಬಲಿಪೂಜೆಯಲ್ಲಿ ವಾಚನದ ನಂತರದ ಕೀರ್ತನೆಯ ಜಾಗದಲ್ಲಿ ನಾವು ಬರೆದದ್ದನ್ನು ಇಡುವಂತಿಲ್ಲ, ಅಲ್ಲಿ ಬೈಬಲಿನ ಪಠ್ಯವೇ ಇರಬೇಕು. ಆದರೆ ತಪಸ್ಸುಕಾಲದ ಶಿಲುಬೆಹಾದಿಗೆ (ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ) ಅಂಥ ಕಟ್ಟು ಇಲ್ಲ. 14 ಸ್ಥಳಗಳಲ್ಲಿ ಪ್ರತಿಯೊಂದಕ್ಕೂ ಒಬ್ಬರ ಎರಡು ಮೂರು ಸಾಲು ಹೊಂದಿಸಬಹುದು. ತಾಯಿಯ ಭೇಟಿಯ ನಾಲ್ಕನೇ ಸ್ಥಳ, ಸಿಮೋನನು ಶಿಲುಬೆಗೆ ಹೆಗಲು ಕೊಡುವ ಐದನೇ ಸ್ಥಳ, ಈ ಎರಡಕ್ಕೆ ರೋಗಿಗಳನ್ನು ನೋಡಿಕೊಳ್ಳುವವರ ಸಾಲುಗಳು ಬಹಳ ಹೊಂದುತ್ತವೆ. ಗುರುಗಳಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. ನವೆಂಬರ್ 2ರ ಮೃತರ ಸ್ಮರಣೆಯೂ ಒಳ್ಳೆಯ ದಿನ.

ಹಾಳೆಗಳನ್ನು ಬೂದಿ ಬುಧವಾರ ಸುಡುವ ಯೋಚನೆ ಹೇಗೆ?

ಪ್ರಲಾಪ ಮೂರು

ಸುಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೂದಿಗೆ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳಿವೆ. ಈ ಹಾಳೆಗಳ ಕಥೆ ಬೇರೆ. ಸುಟ್ಟರೆ ‘ಇನ್ನು ಮರೆತುಬಿಡಿ’ ಎಂದು ಹೇಳಿದಂತಾಗುತ್ತದೆ. ಕೀರ್ತನೆಗಳು ಉಳಿದದ್ದು ಯಾರೋ ಅವನ್ನು ಬರೆದಿಟ್ಟು, ಕಾಪಿಟ್ಟು, ಇನ್ನೊಬ್ಬರ ಬಾಯಿಗೆ ಕೊಟ್ಟಿದ್ದರಿಂದ. ಶಿಲುಬೆಯ ಮೇಲೆ ಯೇಸು ಕೂಗಿದ್ದೇ 22ನೇ ಕೀರ್ತನೆಯ ಮೊದಲ ಸಾಲು. ಅದನ್ನು ಬರೆದವನು ತನ್ನ ಸಾಲು ಯಾರ ಬಾಯಿಗೆ ಹೋಗುತ್ತದೆಂದು ಬಲ್ಲವನಾಗಿರಲಿಲ್ಲ.

ಒಂದೇ ಬಗೆಯ ಹಾಳೆಗೆ ಬೇರೆ ದಾರಿ ಬೇಕು. 109, 137ನೇ ಕೀರ್ತನೆಗಳಂತೆ ಶಾಪದ ಸಾಲು ಬಂದರೆ ತಡೆಯಬೇಡಿ, ಸೇಡನ್ನು ದೇವರ ಕೈಗೆ ಒಪ್ಪಿಸುವುದು ಅಲ್ಲೇ ಶುರುವಾಗುತ್ತದೆ (ರೋಮ 12:19). ಆದರೆ ಬದುಕಿರುವವರ ಹೆಸರು ಹಿಡಿದು ಗುಂಪಿನಲ್ಲಿ ಓದಬಾರದು. ಸಣ್ಣ ಊರಿನಲ್ಲಿ ಅದು ಸಂಜೆಯೊಳಗೆ ಆ ಮನೆಗೆ ತಲುಪುತ್ತದೆ. ಅಂಥ ಹಾಳೆಯನ್ನು ಬರೆದವರೇ ಲಕೋಟೆಯಲ್ಲಿ ಅಂಟಿಸಿ ಮನೆಗೆ ಒಯ್ಯಲಿ.

ಸೂಜಿದಾರ

ಹಾಳೆಗಳಿಗೆ ನನ್ನ ಸಲಹೆ: ಐದನೇ ವಾರ ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಪುಟ್ಟ ಪುಸ್ತಕ ಹೊಲಿಯಲಿ. ಖರ್ಚು ಕಡಿಮೆ, ಕೈಗೆ ಕೆಲಸ. ಕೈ ಓಡುತ್ತಿರುವಾಗ ಮಾತೂ ಸುಲಭವಾಗಿ ಬರುತ್ತದೆ.

ಒಬ್ಬರಿಗೆ ಎ4 ಅಳತೆಯ ಐದು ಹಾಳೆ (ಕಾಗದದ ತೂಕ 100 ಜಿಎಸ್‌ಎಂ), ಹೊದಿಕೆಗೆ 200–250 ಜಿಎಸ್‌ಎಂನ ಒಂದು. ಮಡಚಿದರೆ 20 ಪುಟ. ಅಂಗಡಿಯ ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ, ನಾವು ಮಡಚುವುದು ಅಡ್ಡಕ್ಕೆ. ಹಾಗಾಗಿ ಮಡಿಕೆ ಬಿರಿಯುತ್ತದೆ, ಪುಸ್ತಕ ಬಾಯಿ ಮುಚ್ಚುವುದಿಲ್ಲ. ಉದ್ದನಾರಿನ ಎ3 ತಂದು ನಡುವೆ ಕತ್ತರಿಸಿದರೆ ಸಿಗುವ ಎ4ನಲ್ಲಿ ನಾರು ಮಡಿಕೆಯ ದಿಕ್ಕಿಗೇ ಇರುತ್ತದೆ. ಗೊತ್ತಾಗದಿದ್ದರೆ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ದಿಕ್ಕಿನಲ್ಲಿ ಮಡಚಿ.

ಪುಸ್ತಕದ ಬೆನ್ನು 21 ಸೆಂ.ಮೀ. ಮೂರು ತೂತು: ನಡುವೆ ಒಂದು, ಎರಡು ತುದಿಗಳಿಂದ 3 ಸೆಂ.ಮೀ. ಒಳಗೆ ಒಂದೊಂದು. ತೂತುಗಳನ್ನು ದಬ್ಬಳದಿಂದ ಮೊದಲೇ ಮಾಡಿಟ್ಟುಕೊಳ್ಳಿ, ವಯಸ್ಸಾದವರ ಕೈಗೆ ದಬ್ಬಳ ಕೊಡಬೇಡಿ. ದಾರ ಬೆನ್ನಿನ ಎರಡೂವರೆ ಪಟ್ಟು, ಅಂದರೆ 52.5 ಸೆಂ.ಮೀ., ಗಂಟಿಗೆ ಸೇರಿಸಿ 60 ಇರಲಿ. ಬಲಿಪೀಠದ ಮೋಂಬತ್ತಿಯ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಸೂಜಿ ನಡುತೂತಿನಲ್ಲಿ ಒಳಗಿನಿಂದ ಹೊರಕ್ಕೆ, ಮೇಲಿನ ತೂತಿನಲ್ಲಿ ಒಳಕ್ಕೆ, ಒಳಗಡೆ ನಡುತೂತನ್ನು ಹಾದು ಕೆಳಗಿನ ತೂತಿನಲ್ಲಿ ಹೊರಕ್ಕೆ, ಮತ್ತೆ ನಡುತೂತಿನಲ್ಲಿ ಒಳಕ್ಕೆ. ಈಗ ದಾರದ ಎರಡು ತುದಿ ಒಳಗಿನ ಉದ್ದ ಹೊಲಿಗೆಯ ಎರಡು ಪಕ್ಕದಲ್ಲಿರಬೇಕು, ಅದನ್ನು ನಡುವೆ ಹಿಡಿದು ಗಂಟು. ಒಂದೇ ಪಕ್ಕದಲ್ಲಿದ್ದರೆ ಹೊಲಿಗೆ ಸಡಿಲವಾಗುತ್ತದೆ. ದಾರವನ್ನು ಬೆನ್ನಿನ ಉದ್ದಕ್ಕೆ ಎಳೆಯಿರಿ, ನೇರ ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ.

ಕೊನೆಯ ನಾಲ್ಕು ಪುಟ ಖಾಲಿ ಬಿಡಿ. ಮುಂದೆ ಬೇಕಾಗುತ್ತದೆ.

ಬೆಳಗಿನ ದೀಪ

ಎಲ್ಲರಿಗೂ ಕೃತಜ್ಞತೆಗಳು. ಹೀಗೆ ಹೊಂದಿಸಿದ್ದೇನೆ, ತಪ್ಪಿದ್ದರೆ ತಿದ್ದಿ. ಒಂದನೇ ವಾರ 13ನೇ ಕೀರ್ತನೆಯ ಓದು, ಐದು ವಸ್ತುಗಳು, ಮೂರು–ಎರಡು ಪದದ ಸಾಲು. ಎರಡನೇ ವಾರ ದೂರು, ಎಂಟು ಸಾಲು, ‘ಆದರೂ’ ಇಲ್ಲ. ಮೂರನೇ ವಾರ ಸ್ವರಮಾಲೆಯಲ್ಲಿ ಬೇಡಿಕೆ. ನಾಲ್ಕನೇ ವಾರ ಪ್ರಲಾಪಗಳ 3:22–23, ದೇವರ ಕರುಣೆ ಬೆಳಬೆಳಗ್ಗೆ ಹೊಸದು ಎನ್ನುವ ಭಾಗ ಓದಿ ಭರವಸೆಯ ಸಾಲು, ಬೇಕೆನಿಸಿದವರಿಗೆ ಮಾತ್ರ. ಐದನೇ ವಾರ ಹೊಲಿಗೆ, ಹಾಡು.

ಕೇಳುವ ಕಿವಿ

ಒಂದು ಸೇರಿಸಿ. ನಾಲ್ಕನೇ ವಾರ ಅರ್ಧ ಹೊತ್ತು ಜೋಡಿಯಾಗಿ ಕೂರಲಿ. ಒಬ್ಬರು ತಮ್ಮ ದೂರು ಓದುತ್ತಾರೆ, ಇನ್ನೊಬ್ಬರು ಅವರಿಗಾಗಿ ನಾಲ್ಕು ಸಾಲು ಬೇಡಿಕೆ ಬರೆಯುತ್ತಾರೆ. ಓದಿದವರ ಪದಗಳನ್ನೇ ಬಳಸಬೇಕು, ಹೊಸ ವಿವರಣೆ, ಸಮಾಧಾನ ಸೇರಿಸುವಂತಿಲ್ಲ. ಅವರು ‘ಚಪ್ಪಲಿ’ ಎಂದಿದ್ದರೆ ಇವರ ಪ್ರಾರ್ಥನೆಯಲ್ಲೂ ಚಪ್ಪಲಿ ಬರಬೇಕು. ಆ ಹಾಳೆ ಓದಿದವರ ಪುಸ್ತಕಕ್ಕೆ ಸೇರುತ್ತದೆ. ತನಗಾಗಿ ಭರವಸೆಯ ಸಾಲು ಬರೆಯಲು ಕೈ ಏಳದವರು ಪಕ್ಕದವರಿಗಾಗಿ ಬರೆಯಬಲ್ಲರು. ಜೋಡಿಗಳನ್ನು ನೀವೇ ಮುಂಚಿತವಾಗಿ ಗೊತ್ತುಮಾಡಿ, ಗಂಡ ಹೆಂಡತಿಯನ್ನು ಒಟ್ಟಿಗೆ ಹಾಕಬೇಡಿ.

ಪ್ರಲಾಪ ಮೂರು

ನಾಲ್ಕನೇ ವಾರದ ಓದನ್ನು 23ಕ್ಕೆ ನಿಲ್ಲಿಸಬೇಡಿ. ಗೋಡೆಗೆ ತೂಗುಹಾಕುವ ಫಲಕಗಳೆಲ್ಲ ಅಲ್ಲೇ ನಿಲ್ಲುತ್ತವೆ, ಆದರೆ ಆ ಮಾತು ಇರುವುದು ಪುಸ್ತಕದ ನಟ್ಟನಡುವೆ. ಕೊನೆ ಇನ್ನೂ ಬಹಳ ದೂರ ಇದೆ. 44ರಲ್ಲಿ ಅದೇ ಬಾಯಿ, ಪ್ರಾರ್ಥನೆ ತೂರದಂತೆ ನೀನು ಮೋಡ ಕವುಚಿಕೊಂಡಿದ್ದೀ ಎನ್ನುತ್ತದೆ. 57ರಲ್ಲಿ, ಕೂಗಿದ ದಿನ ನೀನು ಹತ್ತಿರ ಬಂದು ಹೆದರಬೇಡ ಎಂದೆ ಎನ್ನುತ್ತದೆ. 1ರಿಂದ 57ರ ತನಕ ಒಂದೇ ಧ್ವನಿಯಲ್ಲಿ ಓದಿಸಿ, ಎಂಟು ಹತ್ತು ನಿಮಿಷ ಆಗುತ್ತದೆ. 23ರ ಹತ್ತಿರ ಧ್ವನಿ ಏರಿಸದೆ, ನಿಲ್ಲದೆ, ಹಾಗೇ ದಾಟಿಸಿಕೊಂಡು ಹೋಗುವವರನ್ನು ಓದಲು ಆರಿಸಿ.